ಐದು ಗಾಂಜಾ ಗಿಡ, ಒಂದು ಬಗರ್‌ಹುಕುಂ ಜಾಗ

ಗಿಡ ಐದೇ. ಆದರೆ ಅವನ್ನು ಬೇರುಸಮೇತ ಕಿತ್ತು, ಬೇರಿಗೆ ಅಂಟಿದ ಮಣ್ಣನ್ನೂ ಕೊಡವದೆ, ಹಸಿಹಸಿಯಾಗಿಯೇ ಗೋಣಿಚೀಲಕ್ಕೆ ತುಂಬಿ ತಕ್ಕಡಿಗೆ ಏರಿಸಿದ್ದರು. ಹಾಗಾಗಿ ಪಂಚನಾಮೆಯಲ್ಲಿ ಗಾಂಜಾದ ತೂಕ ಇಪ್ಪತ್ತೆರಡು ಕಿಲೋ ಚಿಲ್ಲರೆ ಎಂದು ಬಂದಿತ್ತು. ಇಪ್ಪತ್ತು ದಾಟಿದರೆ ಕಾನೂನಿನ ಲೆಕ್ಕದಲ್ಲಿ ಅದು ವಾಣಿಜ್ಯ ಪ್ರಮಾಣ. ಊರೂರಿಗೆ ಸರಬರಾಜು ಮಾಡುವವನೂ ಹಿತ್ತಿಲಲ್ಲಿ ಐದು ಗಿಡ ಬೆಳೆಸಿದವನೂ ಆಗ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ, ಜಾಮೀನು ಸುಲಭಕ್ಕೆ ಸಿಗುವುದಿಲ್ಲ.

ಪಂಚನಾಮೆಯ ನಕಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಸಾಗರದ ನನ್ನ ಆಫೀಸಿಗೆ ಬಂದವಳು ಆರೋಪಿಯ ಹೆಂಡತಿ. ಹೊಸನಗರ ತಾಲ್ಲೂಕಿನಲ್ಲಿ ಮಾಸ್ತಿಕಟ್ಟೆ ಕಡೆಯ ಒಂದು ಹಳ್ಳಿಯವಳು. ಎರಡು ಬಸ್ಸು ಬದಲಿಸಿ ಬಂದಿದ್ದಳು. ಕುರ್ಚಿ ತೋರಿಸಿದರೂ ಬಾಗಿಲ ಹತ್ತಿರದ ಬೆಂಚಿನ ತುದಿಯಲ್ಲಿ ಕೂತಳು. ಗಂಡ ಆಗಲೇ ಶಿವಮೊಗ್ಗದ ಜೈಲಿನಲ್ಲಿದ್ದ.

"ಎಂತಕ್ಕೆ ಬೆಳೆಸಿದ್ರಿ?" ಎಂದು ಕೇಳಿದೆ.

"ದನೀಗೆ ಅಮ್ಮಾ. ಭೇದಿ ಹಿಡಿದ್ರೆ ಸೊಪ್ಪು ಅರೆದು, ಬೆಲ್ಲ ಕಲ್ಸಿ ಗೊಟ್ಟದಾಗೆ ಹೊಯ್ದ್ರೆ ನಿಲ್ತದೆ. ನಮ್ಮತ್ತೆ ಕಾಲದಿಂದ್ಲೂ ಇತ್ತು."

"ಐದೂ ದನಕ್ಕೇನಾ?"

"ನಾಕು ದನೀಗೆ. ಒಂದು ಅವರಿಗೆ."

ನನಗೆ ನಗು ಬಂತು. ವಕೀಲರ ಹತ್ತಿರ ಇಷ್ಟು ಪ್ರಾಮಾಣಿಕವಾಗಿ ಮಾತಾಡುವ ಕಕ್ಷಿದಾರರು ಅಪರೂಪ. ಬಿದಿರಿನ ಗೊಟ್ಟದಲ್ಲಿ ದನಕ್ಕೆ ಔಷಧಿ ಕುಡಿಸುವುದನ್ನು ನಾನೂ ಚಿಕ್ಕಂದಿನಲ್ಲಿ ಕಂಡವಳೇ. ಅದರಲ್ಲಿ ಈ ಸೊಪ್ಪೂ ಇರುತ್ತಿತ್ತು, ಯಾರಿಗೂ ಅದು ಗುಟ್ಟಾಗಿರಲಿಲ್ಲ. ಸಂಜೆ ಬೀಡಿಗೆ ಒಂದು ಚಿಟಿಕೆ ಸೇರಿಸಿ ಎಳೆಯುವ ಮುದುಕರೂ ಇದ್ದರು. ಅವರನ್ನು ನೋಡಿ ಹೆಂಗಸರು ಗೊಣಗುತ್ತಿದ್ದರೇ ಹೊರತು ಯಾರೂ ಪೊಲೀಸರನ್ನು ಕರೆದದ್ದಿಲ್ಲ.

ಪಂಚನಾಮೆಯನ್ನು ಪೂರ್ತಿ ಓದಿದಾಗ ನಗು ಇಳಿಯಿತು. ಕೆಳಗಿನಿಂದ ನಾಲ್ಕನೆಯ ಸಾಲಿನಲ್ಲಿ ಹೀಗೆ ಬರೆದಿತ್ತು: 'ಸದರಿ ಜಾಗವು ತನ್ನ ತಂದೆಯ ಕಾಲದಿಂದಲೂ ತನ್ನ ಅನುಭವದಲ್ಲಿದ್ದು, ತಾನೇ ಸಾಗುವಳಿ ಮಾಡಿಕೊಂಡು ಬಂದಿರುವುದಾಗಿ ನಾಲ್ಕೂ ಕಡೆಯ ಚೆಕ್ಕುಬಂದಿ ತೋರಿಸಿ ಹೇಳಿದನು.' ಇಂಥ ಕೇಸುಗಳಲ್ಲಿ ಯಾವ ಆರೋಪಿಯೂ ಈ ಮಾತು ಹೇಳುವುದಿಲ್ಲ. ಯಾರೋ ನೆಟ್ಟಿದ್ದಾರೆ, ನಾನು ನೋಡೇ ಇಲ್ಲ, ಆ ಕಡೆ ಹೋಗಿ ತಿಂಗಳಾಯಿತು ಎನ್ನುತ್ತಾರೆ. ದಾಳಿಗೆ ಬಂದವರೇ ತಮಗೆ ಬೇಕಾದಂತೆ ಬರೆದುಕೊಂಡಿದ್ದಾರೆ ಎಂದುಕೊಂಡು ಕೆಂಪು ಪೆನ್ನಿನಲ್ಲಿ ಗೆರೆ ಎಳೆದೆ.

"ಇದು ಅವರು ಹೇಳಿದ್ದಲ್ಲ ತಾನೇ?"

"ಅವರೇ ಅಮ್ಮಾ ಬರೆಸಿದ್ದು. ಬಂದೋರು ಬರ್ಯದು ಬಿಟ್ಟಿದ್ರು. ಇವರೇ ಅದೂ ಬರ್ಕಳಿ ಸಾರ್ ಅಂತ ಹೇಳಿ ಬರೆಸಿದ್ರು."

ಆ ವಾರವೇ ಜೈಲಿಗೆ ಹೋದೆ. ಜಾಲರಿಯ ಆಚೆ ನಿಂತಿದ್ದ ಮನುಷ್ಯನಿಗೆ ಐವತ್ತರ ಆಸುಪಾಸು. ತೆಳ್ಳಗೆ, ಗಟ್ಟಿಯಾಗಿದ್ದ. ಕೆಲಸವಿಲ್ಲದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಯ ಮೇಲೆ ಕಟ್ಟಿಕೊಂಡಿದ್ದ. ನಾನು ಜಾಮೀನಿನ ವಿಷಯ ಎತ್ತುವ ಮೊದಲೇ ತನ್ನದೊಂದು ಅಹವಾಲು ಇಟ್ಟ.

"ಅಮ್ಮಾ, ಆ ಪಂಚನಾಮೆದು ಒಂದು ನಕಲು ತಾಲ್ಲೂಕಾಫೀಸಿಗೆ ಕೊಡ್ಲಿಕ್ಕೆ ಆಗ್ತದಾ?"

"ಯಾಕೆ?"

"ನಮ್ಮ ಬಗರ್‌ಹುಕುಂ ಅರ್ಜಿ ಇದೆ ಅಲ್ಲಿ. ಸಾಗುವಳಿ ಮಾಡ್ತಿದೀರಿ ಅನ್ನಕ್ಕೆ ಸರ್ಕಾರದ ಕಾಗದ ಎಲ್ಲಿದೆ ಅಂತ ಕೇಳ್ತಾರೆ. ಈಗ ಸರ್ಕಾರದೋರೇ ನಿಂತು ಬರೆದಾರಲ್ಲ. ನಾಕೂ ದಿಕ್ಕು ಹೇಳಿ ಬರೆಸಿದೀನಿ."

ನಾನು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಹೊರಗಿನವರಿಗೆ ಇದು ಶುದ್ಧ ದಡ್ಡತನ ಎನಿಸಬಹುದು, ನಮ್ಮ ಕಡೆಯವರಿಗೆ ಹಾಗನ್ನಿಸದು. ಆತನ ತಂದೆಯ ಗದ್ದೆ ಮಾಣಿ ಅಣೆಕಟ್ಟೆಯ ನೀರಿನಲ್ಲಿ ಹೋಗಿತ್ತು. ತಂದೆ ಮೇಲಿನ ಸರ್ಕಾರಿ ಜಾಗದಲ್ಲಿ ಕಲ್ಲು ಹೊತ್ತು ಏರಿ ಕಟ್ಟಿ, ಹೊಸದಾಗಿ ಗದ್ದೆ ಮಾಡಿದ. ಅನುಮತಿಯಿಲ್ಲದೆ ಸಾಗುವಳಿ ಮಾಡಿದ ಇಂಥ ಜಾಗವನ್ನು ಸಕ್ರಮ ಮಾಡಿಕೊಡಿ ಎಂದು ಹಾಕುವುದೇ ಬಗರ್‌ಹುಕುಂ ಅರ್ಜಿ. ತಂದೆ ಹಾಕಿದ ಅರ್ಜಿಗೆ ಹಿಂಬರಹ ಬರುವ ಮೊದಲೇ ತಂದೆ ಹೋದ. ಮಗ ಮತ್ತೆ ಹಾಕಿದ. ಪಹಣಿಯಲ್ಲಿ ಹೆಸರಿಲ್ಲ, ಕಂದಾಯದ ರಸೀದಿ ಇಲ್ಲ. ನೆಲವನ್ನು ಉತ್ತು ಉಂಡವನಿಗೆ ನೆಲ ತನ್ನದೆಂದು ತೋರಿಸಲು ಒಂದು ಚೂರು ಕಾಗದವೂ ಇರಲಿಲ್ಲ. ಅಂಥವನ ಅಂಗಳಕ್ಕೆ ಒಂದು ದಿನ ಸರ್ಕಾರಿ ಜೀಪು ಬಂದು, ಅದರಿಂದ ಇಳಿದವರು 'ಈ ಜಾಗ ಯಾರದು?' ಎಂದು ಕೇಳಿದರೆ, ಆತ ಮತ್ತೇನು ಹೇಳಿಯಾನು? ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆಯನ್ನು ಕೊನೆಗೂ ಒಬ್ಬರು ಕೇಳಿದ್ದರು.

ಮೊದಲ ಜಾಮೀನು ಅರ್ಜಿಯಲ್ಲಿ ನಾನು ಜಾಗದ ಗೊಡವೆಗೇ ಹೋಗಲಿಲ್ಲ. ತೂಕವನ್ನೇ ಹಿಡಿದೆ. ಕಾನೂನಿನಲ್ಲಿ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ ಮಾತ್ರ. ತುದಿಯಿಂದ ಬೇರೆಯಾದ ಎಲೆ ಗಾಂಜಾ ಅಲ್ಲ, ಬೀಜ ಅಲ್ಲ. ದಂಟು, ಬೇರಂತೂ ಅಲ್ಲವೇ ಅಲ್ಲ. ಉತ್ತರದ ಕೆಲವು ರಾಜ್ಯಗಳಲ್ಲಿ ಇದೇ ಗಿಡದ ಎಲೆಯನ್ನು ಅರೆದು ಮಾರುವ ಅಂಗಡಿಗೆ ಸರ್ಕಾರವೇ ಪರವಾನಗಿ ಕೊಡುತ್ತದೆ. ಬೆಳೆದದ್ದು ಅಪರಾಧ, ಒಪ್ಪುತ್ತೇನೆ. ಆದರೆ ಹೊಸನಗರದ ಮಣ್ಣನ್ನೂ ಗಾಂಜಾದ ಲೆಕ್ಕಕ್ಕೆ ಸೇರಿಸಿ ಜಾಮೀನು ತಪ್ಪಿಸುವುದು ಯಾವ ನ್ಯಾಯ ಎಂದು ವಾದಿಸಿದೆ. ಚೆನ್ನಾಗಿಯೇ ವಾದಿಸಿದೆ ಎಂದು ಈಗಲೂ ಅನಿಸುತ್ತದೆ.

ಸರ್ಕಾರಿ ಅಭಿಯೋಜಕರು ಸಂಭಾವಿತರು, ಏರುದನಿಯಲ್ಲಿ ಮಾತಾಡಿದವರಲ್ಲ. ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದರು. "ತುದಿಯಷ್ಟನ್ನೇ ಬಿಡಿಸಿ ತೂಗಿದ್ದರೆ ಎಷ್ಟಿರುತ್ತಿತ್ತು ಎಂದು ಹೇಳುವವರು ಯಾರು?" ಚೀಲಕ್ಕೆ ಅರಗಿನ ಮುದ್ರೆ ಬಿದ್ದಾಗಿತ್ತು. ಮಾದರಿ ಪ್ರಯೋಗಾಲಯಕ್ಕೆ ಹೋಗಿತ್ತು, ಉಳಿದದ್ದು ಉಗ್ರಾಣದಲ್ಲಿ ಒಣಗುತ್ತಿತ್ತು. ತೂಕದ ತಕರಾರನ್ನು ವಿಚಾರಣೆಯ ವೇಳೆ ಪರಿಶೀಲಿಸಬಹುದು ಎಂದು ಹೇಳಿ ನ್ಯಾಯಾಧೀಶರು ಅರ್ಜಿ ವಜಾ ಮಾಡಿದರು. ವಿಚಾರಣೆ ಎಂದರೆ ಯಾವ ಕಾಲಕ್ಕೋ. ಶಿವಮೊಗ್ಗದ ಕೋರ್ಟಿನಿಂದ ವಾಪಸು ಬರುವಾಗ ಆನಂದಪುರ ದಾಟುವವರೆಗೂ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತಿದ್ದೆ. ಪಕ್ಕದಲ್ಲಿದ್ದ ಆತನ ಹೆಂಡತಿ ನನ್ನನ್ನೇ ಸಮಾಧಾನ ಮಾಡಿದಳು.

"ಹೋಗ್ಲಿ ಬಿಡಿ ಅಮ್ಮಾ. ನೀವು ಬಾಳ ಮಾತಾಡಿದ್ರಿ."

ಅದಾದ ಮೇಲೆ ಒಂದು ಭಾನುವಾರ ಆಕೆಯ ಊರಿಗೆ ಹೋದೆ. ಸ್ಥಳ ನೋಡದೆ ಕೇಸು ನಡೆಸಬಾರದು ಎಂಬುದು ನನ್ನ ಹಟ. ಗದ್ದೆ ದೊಡ್ಡದೇನಲ್ಲ. ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನಾಲ್ಕು ತುಂಡು, ಮೇಲಿನ ತುಂಡಿನಲ್ಲಿ ಸ್ವಲ್ಪ ಶುಂಠಿ. ಭತ್ತವನ್ನು ಆಕೆಯೊಬ್ಬಳೇ ಕೊಯ್ದು ಮುಗಿಸಿದ್ದಳು. ಬೇಲಿಯ ಮೂಲೆಯಲ್ಲಿ ಗಿಡ ಕಿತ್ತ ಐದು ಗುಂಡಿಗಳಿದ್ದವು. ಏರಿಯ ಕಲ್ಲುಗಳನ್ನು ಒಂದೊಂದಾಗಿ ಕಾಲಿನಿಂದ ಮುಟ್ಟಿ ತೋರಿಸಿದಳು.

"ಇವೆಲ್ಲ ಮಾವ ಹೊತ್ತಿದ್ದು. ಅವರ ಬೆನ್ನು ಬಾಗಿದ್ದು ಇದ್ರಾಗೇ."

ಮೇಲಿನ ಅಂಚಿಗೆ ಹೋದರೆ ಅಣೆಕಟ್ಟೆಯ ಹಿನ್ನೀರು ಕಾಣುತ್ತಿತ್ತು. ಹಳೆಯ ಗದ್ದೆ ಅದರೊಳಗೆ ಎಲ್ಲೋ ಇದೆ ಎಂದಳು, ಎಲ್ಲಿ ಎಂದು ಬೆರಳು ಮಾಡಿ ತೋರಿಸಲು ಆಕೆಗೂ ಆಗಲಿಲ್ಲ. ಆಮೇಲೆ ನನ್ನನ್ನು ಪಕ್ಕದ ಗದ್ದೆಯವರ ಬೇಲಿಯ ಹತ್ತಿರ ಕರೆದುಕೊಂಡು ಹೋಗಿ ಸಣ್ಣ ದನಿಯಲ್ಲಿ ಹೇಳಿದಳು.

"ನೋಡಿ, ಅವರ ಬೇಲಿ ಈಚೆ ಬಂದದೆ. ಇವರು ಒಳಗೆ ಹೋದಮ್ಯಾಲೆ ಎರಡು ಸಲ ಸರಿಸಿದ್ರು. ಗಂಡಸು ಇಲ್ಲ ಅಂತ. ಮಳೆ ಹಿಡಿಯೋದ್ರೊಳಗೆ ಇವರು ಬರ್ಲಿಲ್ಲ ಅಂದ್ರೆ ಅವರೇ ಹೂಡ್ತಾರೆ."

ಹೂಡುವುದು ಎಂದರೆ ನೇಗಿಲು ಹಾಕುವುದು. ಒಂದು ಸಲ ಹೂಡಿದರೆ ಸಾಗುವಳಿದಾರ ತಾನೇ ಎಂದು ಪಕ್ಕದವನೂ ಹೇಳಬಹುದು. ಪಹಣಿಯಿಲ್ಲದ ನೆಲದಲ್ಲಿ ಪೈರೇ ದಾಖಲೆ.

ಅದೇ ದಿನಗಳಲ್ಲಿ ಸಾಗರದಲ್ಲೊಂದು ಚರ್ಚಾಗೋಷ್ಠಿ ಏರ್ಪಾಡಾಯಿತು. ವಿಷಯ: ಗಾಂಜಾ ಬೆಳೆಗೆ ಕಾನೂನಿನ ಅನುಮತಿ ಬೇಕೆ? ಕಾನೂನಿನ ಅಂಶಗಳನ್ನು ಹೇಳಲು ನನ್ನನ್ನೂ ಕರೆದರು. ಬೇಕು ಎನ್ನುವವರ ಮುಂದಾಳು ಒಬ್ಬ ಅಡಿಕೆ ಬೆಳೆಗಾರರು. ಎಲೆಚುಕ್ಕೆ ರೋಗ ತೋಟವನ್ನು ಬೋಳಿಸುತ್ತಿದೆ, ನಾರಿಗೂ ಔಷಧಿಗೂ ಬರುವ ಗಿಡವನ್ನು ಹೆದರಿ ಹೆದರಿ ಯಾಕೆ ನೋಡಬೇಕು, ಸರ್ಕಾರ ಬ್ರಾಂದಿ ಅಂಗಡಿಗೆ ಕೊಡುವ ಮರ್ಯಾದೆಯನ್ನು ಇದಕ್ಕೂ ಕೊಡಲಿ ಎಂದರು. ಚಪ್ಪಾಳೆ ಜೋರಾಗಿಯೇ ಬಿತ್ತು. ಬೇಡ ಎಂದವರು ತೀರ್ಥಹಳ್ಳಿಯಿಂದ ಬಂದಿದ್ದ ಮನೋವೈದ್ಯೆ. ಕಾಲೇಜು ಹುಡುಗರಲ್ಲಿ ತಾವು ದಿನವೂ ನೋಡುವುದನ್ನು ಸಭೆಗೆ ಹೇಳಿದರು. ರಾತ್ರಿಯೆಲ್ಲ ಯಾರೋ ಕರೆಯುತ್ತಾರೆ ಎಂದು ಬೆದರಿ ಕೂರುವ ಮಗನನ್ನು ಹಿಡಿದುಕೊಂಡು ಬರುವ ತಾಯಂದಿರಿಗೆ ನಾರಿನ ವ್ಯಾಪಾರದ ಕಥೆ ಹೇಳಿ ನೋಡಿ ಎಂದರು. ಆಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಇಬ್ಬರ ಮಾತೂ ನನಗೆ ಸರಿಯೆಂದೇ ಕಂಡಿತು. ಅದೇ ನನ್ನ ಕಷ್ಟವಾಗಿತ್ತು.

ನನ್ನ ಸರದಿ ಬಂದಾಗ ಹೆಸರು, ಊರು ಹೇಳದೆ ನನ್ನ ಕಕ್ಷಿದಾರನ ಕಥೆ ಹೇಳಿದೆ. ಹೇಳಿದ ಮರುಕ್ಷಣ ಎರಡೂ ಕಡೆಯವರು ಆತನನ್ನು ತಮ್ಮ ಕಡೆಗೆ ಎಳೆದುಕೊಂಡರು. ನೋಡಿ, ಬಡರೈತನ ಗತಿ ಎಂದು ಒಬ್ಬರು. ನೋಡಿ, ನಾಲ್ಕು ದನಕ್ಕೆ ಎಂದು ಶುರುವಾದದ್ದು ಒಂದು ತನಗೆ ಎಂದಾಗುತ್ತದೆ ಎಂದು ಇನ್ನೊಬ್ಬರು. ಆತನಿಗೆ ಏನು ಬೇಕು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಗೋಷ್ಠಿಯೇ ಮುಗಿದು ಹೋಗುತ್ತಿತ್ತು, ಯಾಕೆಂದರೆ ಗಿಡ ಸಕ್ರಮವಾಗಲಿ ಬಿಡಲಿ ಆತನಿಗೆ ಅದು ಬೇಕಾಗಿರಲಿಲ್ಲ. ನೆಲ ಸಕ್ರಮವಾಗಬೇಕಿತ್ತು. ಕಾಫಿ ಹೊತ್ತಿನಲ್ಲಿ ವೈದ್ಯೆ ಮಾತ್ರ ನನ್ನ ಹತ್ತಿರ ಬಂದು, "ಆ ಮನುಷ್ಯ ಈಗ ಎಲ್ಲಿದಾರೆ?" ಎಂದರು. ಜೈಲಿನಲ್ಲಿ ಎಂದೆ. "ಅವರು ಅಲ್ಲಿರೋದು ನನಗೂ ಬೇಡ. ನಾನು ಅದಕ್ಕೋಸ್ಕರ ಮಾತಾಡಿದ್ದಲ್ಲ" ಎಂದರು. ಆ ಇಡೀ ದಿನದಲ್ಲಿ ನನಗೆ ನೆನಪಿಟ್ಟುಕೊಳ್ಳಬೇಕು ಎನಿಸಿದ ಮಾತು ಅದೊಂದೇ.

ಬೇಸಿಗೆ ಶುರುವಾಗುವ ಹೊತ್ತಿಗೆ ದೋಷಾರೋಪ ಪಟ್ಟಿ ಬಂತು. ಅದರ ಜೊತೆ ಕಂದಾಯದವರ ವರದಿ ಲಗತ್ತಾಗಿತ್ತು. ಗಿಡ ಸಿಕ್ಕ ಜಾಗ ಸರ್ಕಾರದ್ದು, ಪಹಣಿಯಲ್ಲಿ ಯಾವ ಖಾಸಗಿ ವ್ಯಕ್ತಿಯ ಹೆಸರೂ ಇಲ್ಲ ಎಂದು ಅದರಲ್ಲಿತ್ತು. ಅದನ್ನು ಓದಿದಾಗ ನನ್ನೊಳಗಿನ ವಕೀಲೆ ಕುಣಿದಳು. ಇನ್ನೊಮ್ಮೆ ಜಾಮೀನು ಕೇಳಲು ಹೊಸ ಕಾರಣ ಬೇಕಿತ್ತು, ಎದುರು ಪಕ್ಷವೇ ಅದನ್ನು ತಟ್ಟೆಯಲ್ಲಿಟ್ಟು ಕೊಟ್ಟಿತ್ತು. ಜಾಗ ಆತನದ್ದಲ್ಲ, ಯಾರು ಬೇಕಾದರೂ ಓಡಾಡುವ ಸರ್ಕಾರಿ ಜಾಗದಲ್ಲಿ ಬೆಳೆದ ಗಿಡ ಆತನದ್ದೇ ಎನ್ನಲು ಪುರಾವೆ ಏನು? ಪಂಚನಾಮೆಯಲ್ಲಿ ಆತ ಹೇಳಿದ್ದು ಬಂಧನಕ್ಕೆ ಒಳಗಾದವನ ಮಾತು, ಅದನ್ನು ಆತನ ಮೇಲೆ ಬಳಸುವಂತಿಲ್ಲ. ವಾದ ಎರಡು ಕಾಲಿನ ಮೇಲೆ ಗಟ್ಟಿಯಾಗಿ ನಿಲ್ಲುತ್ತಿತ್ತು.

ಕುಣಿದದ್ದು ಎರಡು ಗಳಿಗೆ. ಆಮೇಲೆ ಬಗರ್‌ಹುಕುಂ ಅರ್ಜಿ ನೆನಪಾಯಿತು. ವಕೀಲರ ಕೊಠಡಿಯಲ್ಲಿ ನಮ್ಮ ಹಿರಿಯರೊಬ್ಬರ ಮುಂದೆ ಫೈಲು ಇಟ್ಟೆ. ನಾನು ಕೆಲಸ ಕಲಿತದ್ದು ಅವರ ಕೈಕೆಳಗೆ. ಇಬ್ಬರೇ ಇದ್ದಾಗ ನಮ್ಮ ಮನೆಮಾತಾದ ಹವ್ಯಕಕ್ಕೆ ಇಳಿಯುತ್ತಾರೆ.

"ಕೂಸೇ, ಅವಂಗೆ ಜಾಗ ಬೇಕೋ, ಜಾಮೀನು ಬೇಕೋ ಕೇಳು. ಎರಡೂ ಒಟ್ಟಿಗೆ ಸಿಕ್ತಿಲ್ಲೆ."

"ಒಳಗಿದ್ರೆ ಪಕ್ಕದವ ಹೂಡ್ತ. ಹೊರಗೆ ಬಪ್ಪಲೆ ಜಾಗ ತನ್ನದಲ್ಲ ಹೇಳಿ ಹೇಳಕ್ಕು. ಎಂತ ಮಾಡ್ಲಿ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಕೋರ್ಟಲ್ಲಿ ಗೆದ್ದವ ಸೋತ, ಸೋತವ ಸತ್ತ ಹೇಳಿ ಗಾದೆ ಇದ್ದಲೇ. ಸಾಯದಕ್ಕಿಂತ ಸೋಲದು ಅಡ್ಡಿಲ್ಲೆ."

ಮತ್ತೆ ಜೈಲಿಗೆ ಹೋದೆ. ಈ ಸಲ ಆತನ ಹೆಂಡತಿಯೂ ಜೊತೆಗಿದ್ದಳು. ಆತ ಇನ್ನಷ್ಟು ತೆಳ್ಳಗಾಗಿದ್ದ. ನಾನು ಯಾವುದನ್ನೂ ಮುಚ್ಚಿಡಲಿಲ್ಲ. ಹೀಗೆ ಹೇಳಿದರೆ ಜಾಮೀನು ಸಿಗುವ ಸಾಧ್ಯತೆ ಹೆಚ್ಚು, ಆದರೆ ಮುಂದೆ ಇದೇ ಮಾತನ್ನು ಜಾಗದ ಅರ್ಜಿಯ ವಿರುದ್ಧ ಯಾರಾದರೂ ಎತ್ತಬಹುದು ಎಂದು ಬಿಡಿಸಿ ಬಿಡಿಸಿ ಹೇಳಿದೆ.

"ಬ್ಯಾಡಮ್ಮಾ" ಎಂದ. ಯೋಚನೆ ಮಾಡಲೂ ಇಲ್ಲ. "ಗಾಂಜಾ ಬೆಳೆದೆ ಅಂತ ಬೇಕಾರೆ ಬರೀರಿ, ಸಹಿ ಹಾಕ್ತೀನಿ. ಜಾಗ ನಂದಲ್ಲ ಅಂತ ಬರೀಬ್ಯಾಡಿ."

"ಹಾಗಂತ ಬರೆದ್ರೆ ಹತ್ತು ವರ್ಷ ಶಿಕ್ಷೆ ಆಗಬಹುದು."

"ಆಗ್ಲಿ. ಅಪ್ಪ ಸಾಯೋವಾಗ ಕಲ್ಲಿನ ಏರಿ ಬಿಟ್ರೆ ಬೇರೆ ಎಂತ ಕೊಟ್ಟ ನಂಗೆ? ಅದು ನಂದಲ್ಲ ಅಂತ ನಾನೇ ಹೇಳದಾ?"

ಹೆಂಡತಿ ಜಾಲರಿಯ ಹತ್ತಿರ ಹೋಗಿ, ಬೈಯುವ ದನಿಯಲ್ಲೇ ಹೇಳಿದಳು.

"ನೀವು ಇಲ್ಲಿ ನಂದು ನಂದು ಅಂತ ಕೂತ್ಕಳಿ. ಅಲ್ಲಿ ಬೇಲಿ ಅಂಗಳಕ್ಕೆ ಬರ್ತದೆ. ನಾನೊಬ್ಬಳೇ ಎಷ್ಟು ಅಂತ ಕಾಯ್ಲಿ? ಉತ್ತೋನ್ದೇ ನೆಲ. ಹೊರಗಿದ್ರೆ ಉಳ್ತೀರಿ. ಅಮ್ಮ ಹೆಂಗೆ ಹೇಳ್ತಾರೋ ಹಂಗೆ ಹೇಳ್ಲಿ ಬಿಡಿ."

ಆತ ಹೆಂಡತಿಯ ಮುಖ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಗೋಡೆಯ ಕಡೆ ತಿರುಗಿ ನಿಂತ. ಭೇಟಿಯ ಸಮಯ ಮುಗಿಯಿತು ಎಂದು ಕಾವಲಿನವರು ಹೇಳುವವರೆಗೂ ಒಂದು ಮಾತು ಆಡಲಿಲ್ಲ. ಹೂಂ ಎನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ನಾನು ಅದನ್ನು ಒಪ್ಪಿಗೆ ಎಂದು ತೆಗೆದುಕೊಂಡೆ. ಹೊರಗೆ ಬಿಸಿಲಿನಲ್ಲಿ ಬಸ್ಸಿಗೆ ಕಾಯುವಾಗ ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಅರ್ಜಿ ಬರೆಯಲು ಕೂತಾಗ ಬಹಳ ಹುಷಾರಾಗಿದ್ದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕಾಚಾರ. 'ಜಾಗ ಆರೋಪಿಯದ್ದಲ್ಲ' ಎಂದು ಎಲ್ಲಿಯೂ ಬರೆಯಲಿಲ್ಲ. 'ಪ್ರಾಸಿಕ್ಯೂಷನ್ ಹಾಜರುಪಡಿಸಿದ ದಾಖಲೆಯ ಪ್ರಕಾರವೇ ಸದರಿ ಜಾಗ ಸರ್ಕಾರಕ್ಕೆ ಸೇರಿದ್ದು' ಎಂದು ಬರೆದೆ. ಹೇಳುವವರು ಅವರು, ನಾವು ಬರೀ ತೋರಿಸುವವರು. ಒಂದೊಂದು ಪದವನ್ನೂ ನಾಲ್ಕು ಸಲ ಬದಲಿಸಿದೆ. ಮುಂದೆ ಬಗರ್‌ಹುಕುಂ ಸಮಿತಿಯ ಎದುರು ಯಾರಾದರೂ ಈ ಅರ್ಜಿಯನ್ನು ಹಿಡಿದರೂ ಜಾರಿಕೊಳ್ಳಲು ಸಂದು ಬಿಟ್ಟಿದ್ದೆ. ನನ್ನ ಜಾಣತನದ ಬಗ್ಗೆ ನನಗೇ ಮೆಚ್ಚುಗೆಯಾಗಿತ್ತು.

ವಾದದ ದಿನ ನ್ಯಾಯಾಧೀಶರು ಅರ್ಜಿಯನ್ನು ಗಮನವಿಟ್ಟು ಓದಿ ಬಂದಿದ್ದರು. ನಾನು ಅರ್ಧ ಹೇಳುತ್ತಿದ್ದಂತೆ ಕೈ ಎತ್ತಿ ನಿಲ್ಲಿಸಿದರು.

"ದಾಖಲೆ ಏನು ಹೇಳುತ್ತದೆ ಎಂಬುದು ನನಗೆ ಕಾಣುತ್ತಿದೆ. ಪಂಚನಾಮೆಯಲ್ಲಿ ಆರೋಪಿ ಬೇರೆ ಹೇಳಿದ್ದಾನೆ. ಈಗ ಆತನ ನಿಲುವು ಏನು? ಜಾಗ ತನ್ನ ಅನುಭವದಲ್ಲಿದೆ ಅನ್ನುತ್ತಾನೋ, ಇಲ್ಲವೋ?"

ಅಭಿಯೋಜಕರು ಕುತೂಹಲದಿಂದ ನನ್ನ ಕಡೆ ತಿರುಗಿದರು. ನಾನು ಕಾಗದದಲ್ಲಿ ಬಿಟ್ಟುಕೊಂಡಿದ್ದ ಸಂದು ಬಾಯಿಮಾತಿನಲ್ಲಿ ಇರಲಿಲ್ಲ. ಸೂಚನೆ ಪಡೆದು ಹೇಳುತ್ತೇನೆ ಎಂದು ದಿನ ಕೇಳಬಹುದಿತ್ತು. ಕೇಳಿದ್ದರೆ ಕೋರ್ಟಿನ ಬೇಸಿಗೆ ರಜೆ ಅಡ್ಡ ಬರುತ್ತಿತ್ತು, ರಜೆ ಮುಗಿಯುವಷ್ಟರಲ್ಲಿ ಮಳೆ. ಮಳೆ ಎಂದರೆ ಪಕ್ಕದವನ ನೇಗಿಲು. ಅದೂ ಅಲ್ಲದೆ, ಸೂಚನೆ ಏನೆಂದು ನನಗೆ ಗೊತ್ತೇ ಇತ್ತು. ಆತ ಬೇಡ ಎಂದಿದ್ದ.

"ಇಲ್ಲ ಸ್ವಾಮಿ. ಆ ಜಾಗ ಆತನ ಅನುಭವದಲ್ಲಿಲ್ಲ" ಎಂದೆ.

ಜಾಮೀನು ಸಿಕ್ಕಿತು. ಆದೇಶದಲ್ಲಿ ಆ ಮಾತು ಹಾಗೆಯೇ ದಾಖಲಾಯಿತು: ಸದರಿ ಜಾಗ ತನ್ನ ಅನುಭವದಲ್ಲಿಲ್ಲ ಎಂಬುದೇ ಆರೋಪಿಯ ನಿಲುವಾಗಿದೆ ಎಂದು ಆತನ ಪರ ವಕೀಲರು ನಿವೇದಿಸಿದರು. ಹೊರಗೆ ವರಾಂಡದಲ್ಲಿ ಅಭಿಯೋಜಕರು ಕೈ ಕುಲುಕಿ, "ಒಳ್ಳೇ ಪಾಯಿಂಟು ಮೇಡಂ" ಎಂದರು. ಕೊಂಕಿಲ್ಲದೆ ಹೇಳಿದ ಮಾತೇ ಅದು. ನನಗೆ ಯಾಕೋ ಮೈ ಉರಿಯಿತು.

ಜೈಲಿನಿಂದ ಹೊರಬಂದ ದಿನ ಆತ ನನ್ನ ಆಫೀಸಿಗೆ ಬಂದು ಕೈಮುಗಿದ. ಆದೇಶವನ್ನು ಓದಿ ಹೇಳಲೇ ಎಂದು ಕೇಳಿದೆ. "ಬ್ಯಾಡಮ್ಮಾ, ಗೊತ್ತು" ಎಂದ. ಯಾರು ಹೇಳಿದರು ಎಂದು ಕೇಳುವ ಧೈರ್ಯ ಬರಲಿಲ್ಲ. ಮಧ್ಯಾಹ್ನದ ಬಸ್ಸಿಗೇ ಊರಿಗೆ ಹೊರಟ. ಆ ಮಳೆಗಾಲ ಬೇಲಿಯನ್ನು ಹಿಂದಕ್ಕೆ ಸರಿಸಿ, ನಾಲ್ಕೂ ತುಂಡು ನಾಟಿ ಮಾಡಿದ ಎಂದು ಹೆಂಡತಿ ಫೋನಿನಲ್ಲಿ ಹೇಳಿದಳು. ದನಿಯಲ್ಲಿ ಖುಷಿಯಿತ್ತು. ನಾನೂ ಹಗುರಾದೆ. ಮಾಡಿದ್ದು ಸರಿಯೇ ಎಂದು ನನಗೆ ನಾನೇ ಹೇಳಿಕೊಂಡೆ, ಒಂದಲ್ಲ ಹಲವು ಸಲ.

ಬಗರ್‌ಹುಕುಂ ಸಮಿತಿಯ ಮುಂದೆ ಆತನ ಅರ್ಜಿ ಬಂದದ್ದು ಮುಂದಿನ ವರ್ಷ. ಗಾಂಜಾ ಕೇಸಿನ ವಿಚಾರಣೆ ಇನ್ನೂ ಶುರುವಾಗಿರಲಿಲ್ಲ. ಕರೆಯದಿದ್ದರೂ ನಾನೇ ಹೊಸನಗರಕ್ಕೆ ಹೋದೆ. ತಾಲ್ಲೂಕು ಕಚೇರಿಯ ಸಭಾಂಗಣದಲ್ಲಿ ಒಬ್ಬೊಬ್ಬರನ್ನೇ ಕರೆದು ಕೇಳುತ್ತಿದ್ದರು. ಸ್ಥಳ ತನಿಖೆಯ ವರದಿ ಆತನ ಪರವಾಗಿತ್ತು, ಏರಿ ಹಳೆಯದು, ಪೈರು ಇದೆ, ಅನುಭವ ತಂದೆಯ ಕಾಲದ್ದು ಎಂದಿತ್ತು. ಇನ್ನೇನು ಆಯಿತು ಎನ್ನುವಾಗ ಪಕ್ಕದ ಬೇಲಿಯವನು ಎದ್ದು ನಿಂತು ತಕರಾರು ಕೊಟ್ಟ. ಅವನ ಕೈಯಲ್ಲಿ ಜಾಮೀನು ಆದೇಶದ ದೃಢೀಕೃತ ನಕಲಿತ್ತು. ಸಂಬಂಧಪಟ್ಟ ಸಾಲಿಗೆ ಪೆನ್ನಿನಲ್ಲಿ ಗೆರೆ ಎಳೆದುಕೊಂಡೇ ಬಂದಿದ್ದ.

ಸಮಿತಿಯ ಅಧಿಕಾರಿ ಅದನ್ನು ಗಟ್ಟಿಯಾಗಿ ಓದಿದರು. ನಾನು ಎದ್ದೆ. ಜಾಮೀನಿನ ವೇಳೆ ಹೇಳಿದ್ದು ಜಾಮೀನಿಗಷ್ಟೇ ಸೀಮಿತ, ಹಕ್ಕು ತೀರ್ಮಾನಿಸಲು ಅದು ಪುರಾವೆಯಲ್ಲ, ಸ್ಥಳ ತನಿಖೆಯೇ ಮುಖ್ಯ ಎಂದು ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಹಾಳೆಯ ಕೆಳಗಿನ ಹೆಸರಿನ ಮೇಲೆ ಬೆರಳಿಟ್ಟರು.

"ಇಲ್ಲಿರೋ ವಕೀಲರು ನೀವೇ ಅಲ್ವಾ ಮೇಡಂ? ಅವತ್ತು ಅವನ ಅನುಭವದಲ್ಲಿಲ್ಲ ಅಂದ್ರಿ. ಇವತ್ತು ಇದೆ ಅಂತೀರಿ. ಯಾವ್ದು ಸುಳ್ಳು?"

ಅವತ್ತಿನದ್ದು ಸುಳ್ಳು, ಈ ಮನುಷ್ಯ ಬೇಡ ಎಂದಿದ್ದರೂ ಹೇಳಿದವಳು ನಾನು ಎನ್ನಬೇಕಿತ್ತು. ಕಕ್ಷಿದಾರನ ಮಾತು ಮೀರಿ ಕೋರ್ಟಿಗೆ ಸುಳ್ಳು ಹೇಳಿದೆ ಎಂದು ತುಂಬಿದ ಸಭೆಯಲ್ಲಿ ಒಪ್ಪಿಕೊಂಡರೆ ನನ್ನ ವಕೀಲಿ ಸನ್ನದಿನ ಗತಿ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಬಾಯಿ ತೆರೆದೆ. ಶಬ್ದ ಬರುವ ಮೊದಲೇ ಪಕ್ಕದಲ್ಲಿ ಟವೆಲನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ ಆತ ಒಂದು ಹೆಜ್ಜೆ ಮುಂದೆ ಬಂದ.

"ಅಮ್ಮನ್ನ ಕೇಳ್ಬ್ಯಾಡಿ ಸ್ವಾಮಿ. ಹಂಗೆ ಹೇಳಿ ಅಂದೋನು ನಾನೇ. ಅಮ್ಮ ಬ್ಯಾಡ ಬ್ಯಾಡ ಅಂದ್ರು. ಹೊರಗೆ ಬರೋ ಆಸೆಗೆ ನಾನೇ ಹೇಳ್ಸಿದ್ದು."

ಹಿಂದಿನ ಸಾಲಿನಲ್ಲಿ ಕೂತಿದ್ದ ಆತನ ಹೆಂಡತಿ ತಲೆ ತಗ್ಗಿಸಿದಳು. ಗುಮಾಸ್ತ ಬರೆದುಕೊಳ್ಳತೊಡಗಿದ. ಆ ಮಾತು ಕಾಗದಕ್ಕೆ ಇಳಿದರೆ ಅರ್ಜಿ ಅಲ್ಲಿಗೆ ಮುಗಿಯಿತು ಎಂದು ಆತನಿಗೂ ಗೊತ್ತಿತ್ತು. ಆತ ನನ್ನ ಕಡೆ ನೋಡಲಿಲ್ಲ. ಅಧಿಕಾರಿ ನೋಡಿದರು.

"ಹೌದಾ ಮೇಡಂ?"

ಹೌದು ಎಂದೆ.